ಅಲ್ಹಾಂಬ್ರಾ ಟಿಕೆಟ್ ಖಾಲಿ, ಅಮ್ಮನಿಗೆ ಮೊಣಕಾಲು ನೋವು: ಗ್ರನಾಡಾಕ್ಕೆ ಹೋಗುವುದೋ ಬಿಡುವುದೋ?

ಪ್ರಶ್ನೆ: ನಾವು ಮೈಸೂರಿನವರು. ದಸರಾ ರಜೆಯಲ್ಲಿ, ಅಕ್ಟೋಬರ್ ಮೂರನೇ ವಾರ, ಸ್ಪೇನ್‌ಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, 11 ವರ್ಷದ ಮಗ ಮತ್ತು 68 ವರ್ಷದ ನನ್ನ ತಾಯಿ. ಮಾಲಗಾದಲ್ಲಿ ನಾಲ್ಕು ರಾತ್ರಿ ತಂಗುತ್ತೇವೆ. ಅಲ್ಲಿಂದ ಒಂದು ದಿನ ಬೆಳಿಗ್ಗೆ ಬಸ್ಸಿನಲ್ಲಿ ಗ್ರನಾಡಾಕ್ಕೆ ಹೋಗಿ ಅಲ್ಹಾಂಬ್ರಾ ಅರಮನೆ ನೋಡಿ ಸಂಜೆ ಹಿಂದಿರುಗುವ ಯೋಚನೆಯಿತ್ತು. ಅಧಿಕೃತ ಜಾಲತಾಣದಲ್ಲಿ ನೋಡಿದರೆ ನಮ್ಮ ದಿನಗಳಿಗೆ ಪೂರ್ಣ ಟಿಕೆಟ್ ಇಲ್ಲ, ತೋಟದ ಟಿಕೆಟ್ ಮಾತ್ರ ಇದೆ. ಒಬ್ಬ ಏಜೆಂಟ್ ಮೂರು ಪಟ್ಟು ದರಕ್ಕೆ ‘ಖಚಿತ ಪ್ರವೇಶ, ಸಮಯವನ್ನು ಹಿಂದಿನ ದಿನ ತಿಳಿಸುತ್ತೇವೆ’ ಎನ್ನುತ್ತಾನೆ. ಹೋಗಿ ಬಂದ ಸಂಬಂಧಿಕರು ‘ಬೆಳಿಗ್ಗೆ ಬೇಗ ಹೋಗಿ ಸಾಲಿನಲ್ಲಿ ನಿಂತರೆ ಸಿಗುತ್ತದೆ’ ಎನ್ನುತ್ತಾರೆ. ಇನ್ನೊಬ್ಬರು ‘ಒಳಗೆ ಅರ್ಧ ಗಂಟೆ ಮಾತ್ರ ಬಿಡುತ್ತಾರೆ, ಅದಕ್ಕೆ ಅಷ್ಟು ದುಡ್ಡು ದಂಡ’ ಎಂದರು. ಅಮ್ಮನಿಗೆ ಮೊಣಕಾಲು ನೋವು, ಹೆಚ್ಚು ನಡೆಯಲಾರರು. ಅವರ ಪಾಸ್‌ಪೋರ್ಟ್‌ನಲ್ಲಿ ಉಪನಾಮದ ಸಾಲು ಖಾಲಿಯಿದೆ, ಟಿಕೆಟ್ ಫಾರಂ ಮಾತ್ರ ಉಪನಾಮ ಕೇಳುತ್ತದೆ. ಇಷ್ಟೆಲ್ಲ ಕಷ್ಟಪಟ್ಟು ನೋಡಬೇಕಾದ ಜಾಗವೇ ಅದು? ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಕಡೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಹೌದು, ಖಂಡಿತ ನೋಡಬೇಕಾದ ಜಾಗ. ಕನ್ನಡ ಕುಟುಂಬಗಳನ್ನು ಸ್ಪೇನ್‌ಗೆ ಕರೆದೊಯ್ಯುವ ಕೆಲಸದಲ್ಲಿ ನಾನು ಹಲವು ವರ್ಷಗಳಿಂದ ಇದ್ದೇನೆ. ಆ ದೇಶದಲ್ಲಿ ಒಂದೇ ಕಟ್ಟಡ ನೋಡಲು ಅವಕಾಶವಿದ್ದರೆ ಯಾವುದು ಎಂದು ಯಾರಾದರೂ ಕೇಳಿದರೆ ಯೋಚಿಸದೆ ಅಲ್ಹಾಂಬ್ರಾ ಎನ್ನುತ್ತೇನೆ. ಆದರೆ ನೀವು ಹಾಕಿಕೊಂಡಿರುವ ಯೋಜನೆಯನ್ನು ಹಾಗೆಯೇ ಇಟ್ಟುಕೊಂಡು ಹೋಗಬೇಡಿ. ಟಿಕೆಟ್, ಏಜೆಂಟ್, ಅಮ್ಮನ ಮೊಣಕಾಲು ಎಂದು ನೀವು ಬೇರೆ ಬೇರೆಯಾಗಿ ಬರೆದಿರುವ ಚಿಂತೆಗಳಿಗೆಲ್ಲ ಬೇರು ಒಂದೇ: ಮಾಲಗಾದಿಂದ ಒಂದೇ ದಿನದಲ್ಲಿ ಹೋಗಿ ಬರುವ ಲೆಕ್ಕ.

ಅಲ್ಹಾಂಬ್ರಾ ಎನ್ನುವುದು ಒಂದು ಅರಮನೆಯಲ್ಲ, ಬೆಟ್ಟದ ಮೇಲಿನ ಕೋಟೆಯೂರು. ಪಶ್ಚಿಮದ ತುದಿಯಲ್ಲಿ ಅಲ್ಕಸಾಬಾ ಎಂಬ ಕೋಟೆ. ಅದರ ಪಕ್ಕದಲ್ಲಿ ನಸ್ರಿದ್ ಅರಮನೆಗಳು, ಅಂದರೆ ಇಲ್ಲಿ ಆಳಿದ ನಸ್ರಿದ್ ವಂಶದ ಸುಲ್ತಾನರವು. ಅಲ್ಲಿಂದ ಪೂರ್ವಕ್ಕೆ ಪಾರ್ತಾಲ್ ಎಂಬ ತೋಟ. ಎಲ್ಲಕ್ಕಿಂತ ಆಚೆ, ಬೇರೆ ದಿಣ್ಣೆಯ ಮೇಲೆ, ಸುಲ್ತಾನರ ಬೇಸಿಗೆಯ ಮನೆಯಾದ ಹೆನೆರಲಿಫೆ. ಪೂರ್ಣ ಟಿಕೆಟ್‌ಗೆ ಇವೆಲ್ಲವೂ ಸೇರುತ್ತವೆ. ಟಿಕೆಟ್ ಮೇಲೆ ಅಚ್ಚಾಗುವ ಗಳಿಗೆ ಮಾತ್ರ ನಸ್ರಿದ್ ಅರಮನೆಗಳದು. ಪ್ರತಿ ಅರ್ಧ ಗಂಟೆಗೆ 300 ಜನರನ್ನು ಒಳಗೆ ಬಿಡುತ್ತಾರೆ. ನಿಮ್ಮ ಟಿಕೆಟ್‌ನಲ್ಲಿ 11.30 ಎಂದಿದ್ದರೆ 11.30ರಿಂದ 12ರೊಳಗೆ ಆ ಬಾಗಿಲು ದಾಟಬೇಕು. ದಾಟಿದ ಮೇಲೆ ಗಡಿಯಾರ ಹಿಡಿದು ಯಾರೂ ಹೊರಗೆ ದೂಡುವುದಿಲ್ಲ. ಒಂದು ಗಂಟೆ ಇರಿ, ಎರಡು ಗಂಟೆ ಇರಿ. ಒಮ್ಮೆ ಹೊರಬಂದರೆ ಮಾತ್ರ ಮತ್ತೆ ಒಳಗೆ ಹೋಗುವಂತಿಲ್ಲ. ನಿಮಗೆ ‘ಅರ್ಧ ಗಂಟೆ ಮಾತ್ರ’ ಎಂದವರು ಒಳಗೆ ಹೋಗಲು ಇರುವ ಅವಕಾಶವನ್ನು ಒಳಗೆ ಇರುವ ಅವಧಿ ಎಂದುಕೊಂಡಿದ್ದಾರೆ. ಈ ತಪ್ಪು ತಿಳಿವಳಿಕೆಯಿಂದ ಓಡೋಡಿ ನೋಡಿ ಬಂದವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ, ಅದು ಇನ್ನೂ ದುಬಾರಿ. ಕೆಲವು ವರ್ಷಗಳ ಹಿಂದೆ ಧಾರವಾಡದ ಒಂದು ಕುಟುಂಬವನ್ನು ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಹೆನೆರಲಿಫೆಯ ಗುಲಾಬಿಗಳ ನಡುವೆ ಎಲ್ಲರೂ ಮೈಮರೆತರು. ಅಲ್ಲಿಂದ ಅರಮನೆಯ ಬಾಗಿಲಿಗೆ ನನ್ನ ಕಾಲಿಗೆ ಹದಿನೈದು ಇಪ್ಪತ್ತು ನಿಮಿಷ. ಎಪ್ಪತ್ತು ದಾಟಿದ ಅಜ್ಜನ ಕಾಲಿಗೆ ಮೂವತ್ತೈದು ನಿಮಿಷ ಹಿಡಿಯಿತು. ನಾವು ತಲುಪಿದಾಗ ನಮ್ಮ ಗಳಿಗೆ ಮುಗಿದು ಏಳು ನಿಮಿಷವಾಗಿತ್ತು. ಕಾವಲಿನ ಹೆಣ್ಣುಮಗಳು ಟಿಕೆಟ್ಟನ್ನು ಯಂತ್ರಕ್ಕೆ ಹಿಡಿದಳು, ಕೆಂಪು ದೀಪ ಬಂತು. ಅಜ್ಜನ ಮುಖ ನೋಡಿದಳು, ಮತ್ತೊಮ್ಮೆ ಹಿಡಿದಳು, ಮತ್ತೆ ಕೆಂಪು. ತಲೆಯಲ್ಲಾಡಿಸಿ ಟಿಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಕೊಟ್ಟಳು. ಅಂದಿನಿಂದ ನಾನು ಯಾರನ್ನು ಕರೆದೊಯ್ದರೂ ಮೊದಲು ಅರಮನೆ, ಆಮೇಲೆ ತೋಟ.

ಇಷ್ಟು ಬಿಗಿ ಯಾಕೆ ಎನ್ನುವುದಕ್ಕೆ ಕಾರಣ ಗೋಡೆಗಳಲ್ಲಿದೆ. ಮೈಸೂರಿನವರಾದ ನೀವು ಅರಮನೆ ಎಂದರೆ ಅಂಬಾವಿಲಾಸವನ್ನು ಕಣ್ಣಮುಂದೆ ತಂದುಕೊಳ್ಳುತ್ತೀರಿ. ದೂರದಿಂದಲೇ ಕಾಣುವ ಗೋಪುರ, ಕಲ್ಲು, ಕಬ್ಬಿಣದ ಕಂಬ, ಸಾವಿರ ಜನ ಒಟ್ಟಿಗೆ ನಿಲ್ಲುವ ದರ್ಬಾರು. ಅಲ್ಹಾಂಬ್ರಾ ಹೊರಗಿನಿಂದ ಒರಟು ಕೆಂಪುಮಣ್ಣಿನ ಗೋಡೆ. ಅರಬ್ಬಿಯಲ್ಲಿ ಆ ಹೆಸರಿನ ಅರ್ಥವೇ ‘ಕೆಂಪನೆಯದು’. ಸೊಗಸೆಲ್ಲ ಒಳಗೆ, ಸಣ್ಣ ಸಣ್ಣ ಕೋಣೆಗಳಲ್ಲಿ. ಕೆಳಗೆ ಬಣ್ಣದ ಮೆರುಗಿನ ಬಿಲ್ಲೆಗಳು, ಅದರ ಮೇಲೆ ಸೂರಿನವರೆಗೂ ಜಿಪ್ಸಂ ಗಾರೆಯ ಕೆತ್ತನೆ, ಮೇಲೆ ಮರದ ಮಾಡು. ಕಲ್ಲಿನಂತಲ್ಲದ ಈ ಗಾರೆ ಬೆರಳ ಜಿಡ್ಡಿಗೆ ಮಾಸುತ್ತದೆ, ಚೀಲ ತಾಗಿದರೆ ಉದುರುತ್ತದೆ. ಆಸ್ಥಾನದ ಕೆಲವೇ ಮಂದಿಗೆಂದು ಕಟ್ಟಿದ ಕೋಣೆಗಳಿಗೆ ಇಂದು ಜಗತ್ತೆಲ್ಲ ಬರುತ್ತದೆ. 300ರ ಮಿತಿ ಇಲ್ಲದಿದ್ದರೆ ನಿಮ್ಮ ಮಗನ ಮಕ್ಕಳಿಗೆ ನೋಡಲು ಏನೂ ಉಳಿಯುವುದಿಲ್ಲ. ಮಿತಿಯ ಬಗ್ಗೆ ಗೊಣಗುವವರಿಗೆ ನಾನು ಇದನ್ನೇ ಹೇಳುತ್ತೇನೆ.

ನಸ್ರಿದ್ ವಂಶದ ಮೊದಲ ದೊರೆ ಒಂದನೇ ಮುಹಮ್ಮದ್ 1238ರಲ್ಲಿ ಗ್ರನಾಡಾಕ್ಕೆ ಬಂದು ಇಲ್ಲಿ ಕೆಲಸ ಆರಂಭಿಸಿದ. ನಾವು ಇಂದು ನೋಡುವ ಮುಖ್ಯ ಅರಮನೆಗಳು ನಂತರದ ಶತಮಾನದವು. ಕೊಮಾರೆಸ್ ಅರಮನೆಯ ದೊಡ್ಡ ಭಾಗ 1333ರಿಂದ 1354ರವರೆಗೆ ಆಳಿದ ಒಂದನೇ ಯೂಸುಫನದು, ಸಿಂಹಗಳ ಅಂಗಳ ಅವನ ಮಗ ಐದನೇ ಮುಹಮ್ಮದನದು. ಯೂಸುಫನ ಕಾಲದಲ್ಲೇ ತುಂಗಭದ್ರೆಯ ದಡದಲ್ಲಿ ವಿಜಯನಗರ ಹುಟ್ಟಿತು ಎಂದು ಮಗನಿಗೆ ಹೇಳಿ, ಕಾಲದ ಅಂದಾಜು ಸಿಗುತ್ತದೆ. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಕಲ್ಲಿನ ಕಿಟಕಿಯ ಜಾಲರಿಯೇ ಅಕ್ಷರಗಳಾಗಿರುವುದನ್ನು ಅವನು ನೋಡಿದ್ದರೆ ಇನ್ನೂ ಒಳ್ಳೆಯದು. ಇಲ್ಲಿಯೂ ಗೋಡೆಗಳು ಮಾತನಾಡುತ್ತವೆ. ‘ದೇವರ ಹೊರತು ಜಯಶಾಲಿ ಬೇರೊಬ್ಬನಿಲ್ಲ’ ಎಂಬ ಒಂದೇ ಸಾಲು ಕೋಣೆ ಕೋಣೆಯಲ್ಲಿ ಮರಳಿ ಮರಳಿ ಬರುತ್ತದೆ. ಸಿಂಹಗಳ ಕಾರಂಜಿಯ ಬಟ್ಟಲಿನ ಅಂಚಿನಲ್ಲಿ ಆಸ್ಥಾನಕವಿ ಇಬ್ನ್ ಜಮ್ರಕನ ಪದ್ಯವಿದೆ. ನೀರು ಯಾವುದು, ಹಾಲುಗಲ್ಲು ಯಾವುದು, ಹರಿಯುತ್ತಿರುವುದು ಯಾವುದು ಎಂದು ಕಣ್ಣಿಗೆ ತಿಳಿಯದಾಗುತ್ತದೆ ಎನ್ನುವ ಭಾವ. 2012ರಲ್ಲಿ ದುರಸ್ತಿ ಮುಗಿದು ಹನ್ನೆರಡು ಸಿಂಹಗಳೂ ಅಂಗಳಕ್ಕೆ ಮರಳಿ ನೀರು ಹರಿಸುತ್ತಿವೆ. ಕುಳಿತು ನೋಡಿದರೆ ಕವಿಯ ಮಾತು ಸುಳ್ಳಲ್ಲ ಎನಿಸುತ್ತದೆ.

ಇನ್ನು ಟಿಕೆಟ್ ಸಿಗುವ ದಾರಿಗಳು. ‘ಬೆಳಿಗ್ಗೆ ಹೋಗಿ ಸಾಲಿನಲ್ಲಿ ನಿಲ್ಲಿ’ ಎನ್ನುವುದು ಹಿಂದಿನ ಕಾಲದ ಬುದ್ಧಿಮಾತು. ಈಗ ಕಿಟಕಿಯಲ್ಲಿ ಸಿಗುವುದಾದರೂ ಅದೇ ಒಟ್ಟು ಸಂಖ್ಯೆಯಲ್ಲಿ ಉಳಿದದ್ದು. ಜಾಲತಾಣದಲ್ಲಿ ಖಾಲಿಯಾಗಿದ್ದರೆ ಬೆಟ್ಟದ ಮೇಲೂ ಖಾಲಿ. ಅಮ್ಮನನ್ನು ಆ ಸಾಲಿನಲ್ಲಿ ನಿಲ್ಲಿಸಬೇಡಿ.

ಏಜೆಂಟ್ ವಿಷಯ. ಮಾನ್ಯತೆ ಪಡೆದ ಪ್ರವಾಸ ಸಂಸ್ಥೆಗಳಿಗೆ ಒಂದಷ್ಟು ಟಿಕೆಟ್‌ಗಳು ನಿಜವಾಗಿಯೂ ಮೀಸಲಿರುತ್ತವೆ. ಹಾಗಾಗಿ ‘ಖಾಲಿ’ ಎಂದ ಮೇಲೂ ಅವರ ಬಳಿ ಇದ್ದರೆ ಅದು ಮೋಸವೇ ಆಗಬೇಕಿಲ್ಲ. ಆದರೆ ನೀವು ಬರೆದಿರುವ ಏಜೆಂಟ್‌ನ ಮಾತಿನಲ್ಲಿ ನನಗೆ ಎರಡು ಕಡೆ ಅನುಮಾನ. ಅಲ್ಹಾಂಬ್ರಾ ಟಿಕೆಟ್ ಹೆಸರಿಗೆ, ಪಾಸ್‌ಪೋರ್ಟ್ ಸಂಖ್ಯೆಗೆ ಅಂಟಿಕೊಂಡಿರುತ್ತದೆ. ನಿಮ್ಮ ಪಾಸ್‌ಪೋರ್ಟ್ ವಿವರ ಕೇಳದೆ ದುಡ್ಡು ಮೊದಲು ಕೇಳಿದ್ದರೆ ಅಲ್ಲಿಗೇ ನಿಲ್ಲಿಸಿ. ಎರಡನೆಯದು, ‘ಅಲ್ಹಾಂಬ್ರಾ ಪ್ರವೇಶ’ ಎಂದಷ್ಟೇ ಬರೆದು ಮೇಲೆ ಸಿಂಹಗಳ ಅಂಗಳದ ಚಿತ್ರ ಹಾಕಿ ತೋಟದ ಟಿಕೆಟ್ ಮಾರುವವರಿದ್ದಾರೆ. ರಸೀತಿಯಲ್ಲಿ ‘ನಸ್ರಿದ್ ಅರಮನೆಗಳು’ ಎಂಬ ಶಬ್ದ ಇರಬೇಕು, ಎದುರಿಗೆ ಗಳಿಗೆ ಇರಬೇಕು. ಸಮಯವನ್ನು ಹಿಂದಿನ ದಿನ ಹೇಳುತ್ತೇವೆ ಎನ್ನುವವರು ಸಂಜೆ ಐದರ ಗಳಿಗೆ ಕೊಟ್ಟರೆ ಮಾಲಗಾದ ಬಸ್ಸಿನ ಗತಿ ಏನು? ಇವೆರಡೂ ಸರಿಯಿರುವ, ಅಧಿಕೃತ ಮಾರ್ಗದರ್ಶಿಯೊಂದಿಗಿನ ಗುಂಪು ಸಿಕ್ಕರೆ ಹೆಚ್ಚು ಕೊಡುವುದರಲ್ಲಿ ತಪ್ಪಿಲ್ಲ. ಗುಂಪಿನ ಅಪಾಯ ಬೇರೆ: ಎರಡೂವರೆ ಮೂರು ಗಂಟೆ ನಡೆಯುತ್ತಲೇ ಇರುತ್ತಾರೆ, ಅಮ್ಮ ಕುಳಿತರೆ ಗುಂಪು ಕಾಯುವುದಿಲ್ಲ.

ಹಣ ಉಳಿಸುವ ಆಸೆಗೆ ಅಮ್ಮನಿಗೆ ಹಿರಿಯರ ರಿಯಾಯಿತಿ ಟಿಕೆಟ್ ಹಾಕಿಸಬೇಡಿ. 65 ದಾಟಿದವರ ಆ ರಿಯಾಯಿತಿ ಯುರೋಪಿಯನ್ ಒಕ್ಕೂಟದ ನಾಗರಿಕರಿಗೆ ಮಾತ್ರ. ಮಗನಿಗೆ 12 ತುಂಬದ ಕಾರಣ ಪ್ರವೇಶ ಉಚಿತ, ಆದರೆ ಅವನ ಹೆಸರಿನಲ್ಲೂ ಟಿಕೆಟ್ ತೆಗೆಯಲೇಬೇಕು. ‘ಉಚಿತವಲ್ಲವೇ’ ಎಂದು ಮಗುವಿನ ಟಿಕೆಟ್ ತೆಗೆಯದೆ ಬಂದು ಬಾಗಿಲಲ್ಲಿ ಕಣ್ಣೀರಾದ ತಾಯಂದಿರನ್ನು ನೋಡಿದ್ದೇನೆ.

ನಾನು ನಿಮ್ಮ ಜಾಗದಲ್ಲಿದ್ದರೆ ಮಾಲಗಾದ ನಾಲ್ಕು ರಾತ್ರಿಗಳಲ್ಲಿ ಒಂದನ್ನು ಗ್ರನಾಡಾಕ್ಕೆ ಬದಲಾಯಿಸುತ್ತೇನೆ. ಉಳಿದ ದಾರಿಗಳೆಲ್ಲ ಈ ಒಂದು ಬದಲಾವಣೆಯಿಂದ ತೆರೆದುಕೊಳ್ಳುತ್ತವೆ. ನಸ್ರಿದ್ ಅರಮನೆಗಳಿಗೆ ರಾತ್ರಿಯ ವೀಕ್ಷಣೆಯೂ ಇದೆ, ಅದರ ಟಿಕೆಟ್ ಬೇರೆ, ದರವೂ ಕಡಿಮೆ. ಒಂದೇ ದಿನದಲ್ಲಿ ಬಂದು ಹೋಗುವವರಿಗೆ ಅದು ಬೇಡವಾದ್ದರಿಂದ ಎಷ್ಟೋ ಸಲ ಹಗಲಿನದು ಮುಗಿದ ಮೇಲೂ ರಾತ್ರಿಯದು ಉಳಿದಿರುತ್ತದೆ. ಇಲ್ಲಿ ನಿಮ್ಮ ತಾರೀಖು ಮುಖ್ಯ. ಅಕ್ಟೋಬರ್ 14ರವರೆಗೆ ಮಂಗಳವಾರದಿಂದ ಶನಿವಾರದವರೆಗೆ ರಾತ್ರಿ ಹತ್ತಕ್ಕೆ ಶುರು. 15ರಿಂದ ಚಳಿಗಾಲದ ವೇಳಾಪಟ್ಟಿ: ಶುಕ್ರವಾರ ಮತ್ತು ಶನಿವಾರ ಮಾತ್ರ, ರಾತ್ರಿ ಎಂಟಕ್ಕೆ. ಹಗಲಿನ ಮುಚ್ಚುವ ವೇಳೆಯೂ ಅದೇ ದಿನದಿಂದ ರಾತ್ರಿ ಎಂಟರ ಬದಲು ಸಂಜೆ ಆರಕ್ಕೆ ಇಳಿಯುತ್ತದೆ. ಮೂರನೇ ವಾರ ಎಂದಿರುವ ನೀವು ಶುಕ್ರವಾರ ಅಥವಾ ಶನಿವಾರ ಗ್ರನಾಡಾದಲ್ಲಿ ಇರುವಂತೆ ನೋಡಿಕೊಳ್ಳಿ. ರಾತ್ರಿ ಅರಮನೆ, ಮರುದಿನ ಬೆಳಿಗ್ಗೆ ತೋಟದ ಟಿಕೆಟ್‌ನಲ್ಲಿ ಹೆನೆರಲಿಫೆ, ಪಾರ್ತಾಲ್ ಮತ್ತು ಅಲ್ಕಸಾಬಾ. ಎರಡೂ ಕೂಡಿದರೆ ಪೂರ್ಣ ಟಿಕೆಟ್‌ನ ಎಲ್ಲವನ್ನೂ ನೋಡಿದಂತೆ. ಅಮ್ಮನಿಗಂತೂ ಇದು ಹಗಲಿನದಕ್ಕಿಂತ ಒಳ್ಳೆಯದು. ನಡಿಗೆ ಎರಡು ದಿನಕ್ಕೆ ಹಂಚಿಹೋಗುತ್ತದೆ, ಬಿಸಿಲಿಲ್ಲ, ಜನವೂ ಕಡಿಮೆ.

ರಾತ್ರಿಯಲ್ಲಿ ಕಳೆದುಕೊಳ್ಳುವುದೂ ಇದೆ, ಅದನ್ನೂ ಹೇಳಿಬಿಡಬೇಕು. ರಾಯಭಾರಿಗಳ ಸಭಾಂಗಣದ ದೇವದಾರು ಮಾಡು, ಎಂಟು ಸಾವಿರಕ್ಕೂ ಹೆಚ್ಚು ತುಂಡುಗಳನ್ನು ಜೋಡಿಸಿ ಏಳು ಸ್ವರ್ಗಗಳನ್ನು ತೋರಿಸಿದ್ದು, ಕತ್ತಲಲ್ಲಿ ಪೂರ್ತಿ ಕಾಣುವುದಿಲ್ಲ. ಬಿಲ್ಲೆಗಳ ಬಣ್ಣವೂ ಮಂಕಾಗುತ್ತದೆ. ಬದಲಿಗೆ ಕೊಮಾರೆಸ್ ಗೋಪುರ ಅಂಗಳದ ಕೊಳದ ಕಪ್ಪು ನೀರಿನಲ್ಲಿ ತಲೆಕೆಳಗಾಗಿ ನಿಂತಿರುತ್ತದೆ, ಕಾಲುಸದ್ದು ನಿಂತಾಗ ನೀರಿನ ಸದ್ದು ಕೇಳುತ್ತದೆ. ಎರಡನ್ನೂ ನೋಡಿರುವ ನನಗೆ ರಾತ್ರಿಯೇ ಹೆಚ್ಚು ಇಷ್ಟ.

ರಾತ್ರಿಯದೂ ಸಿಗದಿದ್ದರೆ ‘ಡೋಬ್ಲಾ ದೆ ಓರೋ’ ಎಂಬ ಟಿಕೆಟ್ ಹುಡುಕಿ. ಅಲ್ಹಾಂಬ್ರಾದ ಜೊತೆಗೆ ಊರಿನೊಳಗಿನ ಹಳೆಯ ಸ್ನಾನಗೃಹ ಮುಂತಾದ ಕೆಲವು ಅರಬ್ಬಿ ಕಾಲದ ಕಟ್ಟಡಗಳನ್ನೂ ಸೇರಿಸಿ ಮಾರುವ ಟಿಕೆಟ್ ಅದು. ತುಸು ಹೆಚ್ಚು ದರ, ಆದರೆ ಸಾಮಾನ್ಯ ಟಿಕೆಟ್ ಮುಗಿದ ದಿನವೂ ಇದು ಸಿಕ್ಕಿದ್ದುಂಟು. ನಗರದ ‘ಗ್ರನಾಡಾ ಕಾರ್ಡ್’ ಸಹ ಹಾಗೆಯೇ, ಕೊಳ್ಳುವಾಗಲೇ ಅರಮನೆಯ ಗಳಿಗೆ ಆರಿಸಿಕೊಳ್ಳಬೇಕು. ಇದರ ನಡುವೆ ದಿನಕ್ಕೆರಡು ಸಲ ಅಧಿಕೃತ ತಾಣವನ್ನು ತೆರೆದು ನೋಡುತ್ತಿರಿ. ಬೇಡವಾದ ಟಿಕೆಟ್‌ಗಳು ಅಲ್ಲಿಗೆ ಮರಳುವುದನ್ನು ಎಷ್ಟೋ ಬಾರಿ ಕಂಡಿದ್ದೇನೆ, ನಾಲ್ಕು ಒಟ್ಟಿಗೆ ಸಿಗುವುದು ಮಾತ್ರ ಅಪರೂಪ.

ಯಾವುದೂ ಆಗದೆ ತೋಟದ ಟಿಕೆಟ್ ಒಂದೇ ಉಳಿದರೆ? ಆಗ ಅರಮನೆಯ ಒಳಗನ್ನು ನೋಡಿಲ್ಲ ಎಂಬುದನ್ನು ಒಪ್ಪಿಕೊಂಡು ಹೋಗಿ, ‘ಅದೂ ಇದೂ ಒಂದೇ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೂ ಹೆನೆರಲಿಫೆಯ ನೀರಿನ ಅಂಗಳ ಸಣ್ಣ ನೋಟವಲ್ಲ. ದಾರೋ ನದಿಯನ್ನು ಸುಮಾರು ಆರು ಕಿಲೋಮೀಟರ್ ಮೇಲೆ ತಿರುಗಿಸಿ ಇಳಿಜಾರಿನಲ್ಲಿ ಕಾಲುವೆ ಕಡಿದು ಈ ಒಣ ಗುಡ್ಡಕ್ಕೆ ನೀರು ತಂದರು. ಆ ಕಾಲುವೆ ಈ ಅಂಗಳದ ನಡುವೆಯೇ ಹರಿಯುತ್ತದೆ. ಟಿಕೆಟ್ಟೇ ಇಲ್ಲದೆ ನೋಡಬಹುದಾದದ್ದೂ ಇದೆ: ಕೋಟೆಯ ನ್ಯಾಯದ ಬಾಗಿಲು ಮತ್ತು ಸುಲ್ತಾನರ ನಂತರದ ಕ್ರೈಸ್ತ ದೊರೆ ಐದನೇ ಚಾರ್ಲ್ಸ್ 1527ರಲ್ಲಿ ಆರಂಭಿಸಿದ ಅರಮನೆಯ ದುಂಡನೆಯ ಅಂಗಳ. ಸಂಜೆ ಎದುರು ಗುಡ್ಡ ಅಲ್ಬೈಸಿನ್‌ನ ಸಾನ್ ನಿಕೊಲಾಸ್ ಕಟ್ಟೆಯಲ್ಲಿ ಕುಳಿತರೆ, ಸಿಯೆರಾ ನೆವಾಡಾ ಬೆಟ್ಟಗಳನ್ನು ಬೆನ್ನಿಗಿಟ್ಟುಕೊಂಡ ಇಡೀ ಅಲ್ಹಾಂಬ್ರಾ ಕೆಂಪಾಗುವುದನ್ನು ಅಮ್ಮ ಒಂದು ಹೆಜ್ಜೆಯೂ ನಡೆಯದೆ ನೋಡಬಹುದು.

ಮೊಣಕಾಲಿನ ಮಾತಿಗೆ ಬಂದರೆ, ನಸ್ರಿದ್ ಅರಮನೆಗಳ ಒಳಗೆ ಅಷ್ಟು ಕಷ್ಟವಿಲ್ಲ, ಅಲ್ಲಲ್ಲಿ ಕೆಲವು ಮೆಟ್ಟಿಲು ಅಷ್ಟೇ. ಕಷ್ಟವಿರುವುದು ಅಲ್ಲಿಗೆ ಹೋಗುವ ದಾರಿಯಲ್ಲಿ. ಊರಿನ ಚೌಕ ಪ್ಲಾಸಾ ನುಯೆವಾದಿಂದ ಮರಗಳ ನಡುವೆ ಏರುವ ದಾರಿ ಚೆಲುವಾದದ್ದು, ಆದರೆ ಕಡಿದು. ನೀವು ಮಗನೊಂದಿಗೆ ನಡೆಯಿರಿ, ಅಮ್ಮ ಟ್ಯಾಕ್ಸಿಯಲ್ಲೋ ಸಿ30 ಎಂಬ ಪುಟ್ಟ ಬಸ್ಸಿನಲ್ಲೋ ಬರಲಿ. ಟಿಕೆಟ್ ಮೊಬೈಲಿನಲ್ಲಿ ಇದ್ದವರು ದೂರದ ಮುಖ್ಯ ಪ್ರವೇಶಕ್ಕೆ ಹೋಗದೆ ನ್ಯಾಯದ ಬಾಗಿಲಿನಿಂದಲೇ ಒಳಬರಬಹುದು, ಅರಮನೆಗೆ ಅದೇ ಹತ್ತಿರ. ಅಲ್ಕಸಾಬಾದ ಕಾವಲು ಗೋಪುರ ಮತ್ತು ಹೆನೆರಲಿಫೆಯ ನೀರಿನ ಮೆಟ್ಟಿಲು, ಇವೆರಡನ್ನು ಅಮ್ಮ ಬಿಡಲಿ. ಆ ಹೊತ್ತಿಗೆ ಅವರಿಗೆ ಪಾರ್ತಾಲ್ ಕೊಳದ ಬಳಿ ನೆರಳಿದೆ. ಬೆಣಚುಕಲ್ಲಿನ ನೆಲ ನುಣುಪಾಗಿರುತ್ತದೆ, ಚಪ್ಪಲಿಯ ಬದಲು ಹಿಡಿತವಿರುವ ಷೂ ಹಾಕಿಸಿ. ಬೆನ್ನುಚೀಲವನ್ನು ಅರಮನೆಯೊಳಗೆ ಎದೆಗೆ ಹಾಕಿಕೊಳ್ಳಬೇಕು, ದೊಡ್ಡ ಚೀಲಗಳನ್ನು ಬಿಡುವುದಿಲ್ಲ. ನೀರು ಜೊತೆಯಲ್ಲಿರಲಿ.

ಮಗ ಒಂದು ಕಥೆ ಕೇಳಿಯೇ ಕೇಳುತ್ತಾನೆ. ಅಬೆನ್ಸೆರ್ರಾಹೆಸ್ ಎಂಬ ಮನೆತನದ ಹೆಸರಿನ ಸಭಾಂಗಣದ ಕಾರಂಜಿ ಬಟ್ಟಲಿನಲ್ಲಿ ಕೆಂಪು ಕಲೆಗಳಿವೆ. ಸುಲ್ತಾನ ಆ ಮನೆತನದ ವೀರರನ್ನು ಇಲ್ಲಿ ತಲೆ ಕಡಿಸಿದ, ರಕ್ತದ ಕಲೆ ಇನ್ನೂ ಮಾಸಿಲ್ಲ ಎನ್ನುತ್ತಾರೆ. ಆ ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು. ಕಥೆಯನ್ನು ಮೊದಲು ಹೇಳಿ, ತುಕ್ಕಿನ ಮಾತನ್ನು ಆಮೇಲೆ ಹೇಳಿ. ನಂತರ ತಲೆಯೆತ್ತಿ ಮೇಲೆ ನೋಡಲು ಹೇಳಿ. ಜೇನುಗೂಡಿನಂತೆ ಇಳಿಬಿದ್ದ ನಕ್ಷತ್ರಾಕಾರದ ಮಾಡಿನ ಮುಂದೆ ಕಲೆಯ ವಿಷಯ ಅವನಿಗೇ ಮರೆತುಹೋಗುತ್ತದೆ.

ಊರಿನಲ್ಲಿ ಒಂದೇ ಎಚ್ಚರಿಕೆ. ಊರಿನ ದೊಡ್ಡ ಚರ್ಚಿನ ಸುತ್ತಮುತ್ತ ಹೆಂಗಸರು ರೋಸ್‌ಮೇರಿ ಗಿಡದ ಕಡ್ಡಿಯೊಂದನ್ನು ಕೈಗಿಡಲು ಬರುತ್ತಾರೆ. ಪ್ರಸಾದ ಎಂಬಂತೆ ನಮ್ಮ ಹಿರಿಯರು ಕೈ ಚಾಚಿಬಿಡುತ್ತಾರೆ. ತೆಗೆದುಕೊಂಡರೆ ಹಸ್ತ ನೋಡಿ ದುಡ್ಡಿಗೆ ಪೀಡಿಸುತ್ತಾರೆ. ಅಮ್ಮನಿಗೆ ಮೊದಲೇ ಹೇಳಿಡಿ.

ಕಡೆಗೆ ಪಾಸ್‌ಪೋರ್ಟ್. ಉಪನಾಮ ಖಾಲಿಯಿರುವುದು ನಮ್ಮ ಕಡೆಯವರಲ್ಲಿ ಸಾಮಾನ್ಯ, ಹೆದರಬೇಡಿ. ಪಾಸ್‌ಪೋರ್ಟ್‌ನಲ್ಲಿ ಅಮ್ಮನ ಹೆಸರು ಎರಡು ಪದವಿದ್ದರೆ ಮೊದಲನೆಯದನ್ನು ಹೆಸರಿನ ಜಾಗದಲ್ಲಿ, ಎರಡನೆಯದನ್ನು ಉಪನಾಮದ ಜಾಗದಲ್ಲಿ ತುಂಬಿ. ಒಂದೇ ಪದವಿದ್ದರೆ ಎರಡೂ ಕಡೆ ಅದನ್ನೇ ಬರೆಯಿರಿ. ಮನೆಯಲ್ಲಿ ಕರೆಯುವ ಹೆಸರಾಗಲಿ, ಪಾಸ್‌ಪೋರ್ಟ್‌ನಲ್ಲಿ ಇಲ್ಲದ ಇನಿಷಿಯಲ್ ಆಗಲಿ ಬೇಡ. ಸಂಖ್ಯೆಯಲ್ಲಿ ಒಂದಕ್ಷರವೂ ತಪ್ಪದಂತೆ ಇಬ್ಬರು ಓದಿ ನೋಡಿ, ಬಾಗಿಲಲ್ಲಿ ತಾಳೆ ನೋಡುವುದು ಅದನ್ನೇ. ಮೂಲ ಪಾಸ್‌ಪೋರ್ಟ್ ಬೇಕು, ಮೊಬೈಲಿನ ಚಿತ್ರ ನಡೆಯುವುದಿಲ್ಲ. ನಾಲ್ಕೂ ಪಾಸ್‌ಪೋರ್ಟ್‌ಗಳನ್ನು ಒಂದೇ ಚೀಲದಲ್ಲಿ ಇಟ್ಟುಕೊಳ್ಳುವ ಅಭ್ಯಾಸ ನಿಮ್ಮ ಯಜಮಾನರಿಗಿದ್ದರೆ ಆ ಒಂದು ದಿನ ಬಿಡಿಸಿ. ಅಮ್ಮ ಕೊಳದ ಬಳಿ ಕುಳಿತು ನೀವು ಗೋಪುರ ಹತ್ತುವಾಗ, ಅವರದು ಅವರ ಕೈಚೀಲದಲ್ಲೇ ಇರಬೇಕು.